ಎರಡು ಗಂಟೆಯಲ್ಲಿ 'ನೆಗೆಟಿವ್' ಬಂತೆಂದು ನಂಬಿ ಊಟಕ್ಕೆ ಕೂರಬೇಡಿ

ಈ ಮಾಲೆಯಲ್ಲಿ ಸಾಮಾನ್ಯವಾಗಿ ಬಿ.ಪಿ., ಕೊಲೆಸ್ಟರಾಲ್, ಎದೆನೋವಿನ ಬಗ್ಗೆ ಬರೆಯುತ್ತೇನೆ. ಇವತ್ತಿನ ವಿಷಯ ಊಟ. ಅದರಲ್ಲೂ ಊಟಕ್ಕೆ ಮುಂಚೆ ಮಾಡಿಸುವ 'ಟೆಸ್ಟ್'. ಹೃದಯದ ಡಾಕ್ಟರಿಗೆ ಇದೆಲ್ಲ ಯಾಕೆ ಅಂತ ಕೇಳಬೇಡಿ, ಕೊನೆಯವರೆಗೆ ಓದಿ. ಇದರಲ್ಲಿ ನನ್ನದೂ ಒಂದು ತಪ್ಪಿದೆ.

ಎನ್‌ಸಿಆರ್‌ನಲ್ಲಿ ನಾವು ಕೆಲವು ಕನ್ನಡ ಕುಟುಂಬಗಳು ಸೇರಿ ರಾಜ್ಯೋತ್ಸವದ ಊಟ ಇಟ್ಟುಕೊಂಡಿದ್ದೆವು. ಬಿಸಿಬೇಳೆ ಬಾತ್, ಮೊಳಕೆ ಹೆಸರುಕಾಳಿನ ಕೋಸಂಬರಿ, ಮೊಸರನ್ನ, ಹೋಳಿಗೆ. ಬೆಳಿಗ್ಗೆ ಅಡುಗೆ ಕಂಟ್ರಾಕ್ಟರು ಗುಂಪಿಗೆ ಒಂದು ಫೋಟೋ ಕಳಿಸಿದರು. ಪುಟ್ಟ ಬಾಟಲಿ, ಅದರಲ್ಲಿ ನೀರು, ಒಳಗೊಂದು ಕಾಗದದ ಪಟ್ಟಿ. ಕೆಳಗೆ ಬರೆದಿದ್ದರು: 'ಎರಡು ಗಂಟೆ ಇಟ್ಟು ನೋಡಿದೆವು, ಕಪ್ಪಾಗಿಲ್ಲ, ಸಾಲ್ಮೊನೆಲ್ಲಾ ಫ್ರೀ.' ಮೂವತ್ತು ಜನ ಕೈಮುಗಿದ ಚಿತ್ರ ಹಾಕಿದರು. ನಾನು 'ಬಹಳ ಒಳ್ಳೆಯ ಕೆಲಸ' ಅಂತ ಬರೆದೆ. ಆ ಬಾಟಲಿ ಏನು ಅಂತ ಒಂದು ನಿಮಿಷ ಯೋಚಿಸಲಿಲ್ಲ.

ಮರುದಿನ ರಾತ್ರಿಯಿಂದ ಹಲವರಿಗೆ ವಾಂತಿ ಭೇದಿ. ಬಹಳ ಜನ ಎರಡು ಮೂರು ದಿನದಲ್ಲಿ ಸುಧಾರಿಸಿಕೊಂಡರು. ಧಾರವಾಡದಿಂದ ಮಗನ ಮನೆಗೆ ಬಂದಿದ್ದ ಒಬ್ಬ ತಾಯಿಗೆ ಆಗಲಿಲ್ಲ. ವಯಸ್ಸು ಎಪ್ಪತ್ತು ದಾಟಿತ್ತು, ಹೃದಯ ದುರ್ಬಲ, ನೀರು ಇಳಿಸುವ ಮಾತ್ರೆ ನಡೆಯುತ್ತಿತ್ತು. ಬಿ.ಪಿ. ಕುಸಿದು, ಕಿಡ್ನಿ ಕೈಕೊಟ್ಟು ಐಸಿಯು ಸೇರಿದರು. ಮಲದ ಕಲ್ಚರ್‌ನಲ್ಲಿ ಸಾಲ್ಮೊನೆಲ್ಲಾ ಬೆಳೆಯಿತು. ಎಂಟು ದಿನದ ಮೇಲೆ ಚೇತರಿಸಿಕೊಂಡಾಗ ನನ್ನ ಕೈ ಹಿಡಿದು ಹೇಳಿದರು: 'ಡಾಕ್ಟರ್ರೇ, ನೀವ ಗ್ರೂಪಿನ್ಯಾಗ ಚಲೋ ಐತಿ ಅಂತ ಹಾಕಿದ್ರೆಂತಲ್ರಿ. ಹಂಗಂತ ನಾ ಕೋಸಂಬರಿ ಎರಡನೇ ಸರ್ತಿ ಹಾಕಿಸ್ಕೊಂಡೆ.'

ಅವರು ನನ್ನನ್ನು ಬೈಯುತ್ತಿರಲಿಲ್ಲ. ಆದರೂ ಆ ಮಾತು ನನ್ನನ್ನು ಬಿಟ್ಟಿಲ್ಲ. ಅದಕ್ಕೇ ಈ ಬರಹ.

*ಆ ಬಾಟಲಿ ಏನು?*

ಅದು ನೀರಿನ ಪರೀಕ್ಷೆ. ಹೈಡ್ರೋಜನ್ ಸಲ್ಫೈಡ್ ಪಟ್ಟಿ ಅಂತ ಹೆಸರು. ನಮ್ಮ ದೇಶದಲ್ಲೇ ಹುಟ್ಟಿದ, ಒಳ್ಳೆಯ, ಅಗ್ಗದ ಪರೀಕ್ಷೆ. ಕೆ.ಎಸ್. ಮಂಜ ಮತ್ತು ಸಂಗಡಿಗರು 1982ರಲ್ಲಿ ಇದನ್ನು ವಿಶ್ವ ಆರೋಗ್ಯ ಸಂಸ್ಥೆಯ ಬುಲೆಟಿನ್‌ನಲ್ಲಿ ಪ್ರಕಟಿಸಿದರು. ಕುಡಿಯುವ ನೀರಿಗೆ ಮಲ ಸೇರಿದೆಯೇ ಎಂದು ಹಳ್ಳಿಯಲ್ಲೂ ನೋಡಬಹುದಾದ ವಿಧಾನ ಅದು. ನೀರನ್ನು ತುಂಬಿ ಬೆಚ್ಚಗಿನ ಜಾಗದಲ್ಲಿ ಒಂದು ರಾತ್ರಿಯಾದರೂ ಇಡಬೇಕು. ಕಪ್ಪಾದರೆ ಆ ನೀರು ಕುಡಿಯಬೇಡಿ ಎಂದರ್ಥ.

ನಮ್ಮ ಊಟದ ದಿನ ಆದದ್ದೇನು? ನೀರಿನ ಪರೀಕ್ಷೆಯನ್ನು ಊಟದ ಪರೀಕ್ಷೆ ಅಂದರು. ಮಲಿನತೆಯ ಸೂಚನೆಯನ್ನು ಸಾಲ್ಮೊನೆಲ್ಲಾ ಪರೀಕ್ಷೆ ಅಂದರು. ರಾತ್ರಿಯಿಡೀ ಕಾಯಬೇಕಾದ್ದನ್ನು, ಅದೂ ದೆಹಲಿಯ ನವೆಂಬರ್ ಚಳಿಯಲ್ಲಿ, ಎರಡು ಗಂಟೆಗೆ ಮುಗಿಸಿದರು. ಪರೀಕ್ಷೆ ಸುಳ್ಳು ಹೇಳಲಿಲ್ಲ. ಅದಕ್ಕೆ ಗೊತ್ತಿಲ್ಲದ ಪ್ರಶ್ನೆಯನ್ನು ನಾವು ಕೇಳಿದೆವು.

*ಹೆಪ್ಪು ಹಾಕಿದ ಹಾಲು*

ಸಾಲ್ಮೊನೆಲ್ಲಾಗೂ ಸಾಲ್ಮನ್ ಮೀನಿಗೂ ಸಂಬಂಧವಿಲ್ಲ. ಡೇನಿಯಲ್ ಸಾಲ್ಮನ್ ಎಂಬ ಅಮೆರಿಕದ ಪಶುವೈದ್ಯರ ಹೆಸರು ಅದು. ಈ ಬ್ಯಾಕ್ಟೀರಿಯಾದಲ್ಲಿ 2500ಕ್ಕೂ ಹೆಚ್ಚು ಬಗೆಗಳಿವೆ. ಟೈಫಾಯ್ಡ್ ತರುವುದು ಅದರಲ್ಲಿ ಒಂದು. ಮಿಕ್ಕವುಗಳಲ್ಲಿ ಹಲವು ಕೋಳಿ, ಮೊಟ್ಟೆ, ಹಸಿ ಹಾಲು, ಮೊಳಕೆ ಕಾಳು, ಮಸಾಲೆ ಪುಡಿಗಳಿಂದ ಬಂದು ವಾಂತಿ ಭೇದಿ ತರುತ್ತವೆ.

ಪ್ಯಾಕೆಟ್ ಆಹಾರಗಳಿಗೆ ಇರುವ ಸಾಮಾನ್ಯ ನಿಯಮ ಹೀಗೆ: 25 ಗ್ರಾಂ ಆಹಾರದಲ್ಲಿ ಸಾಲ್ಮೊನೆಲ್ಲಾ ಒಂದೂ ಇರಬಾರದು. ಕಡಿಮೆ ಇದ್ದರೆ ಸಾಲದು, ಇರಲೇಬಾರದು. ಆದರೆ ಆ ಒಂದನ್ನು ಹುಡುಕುವುದು ಹೇಗೆ?

ಹಾಲಿಗೆ ಅರ್ಧ ಚಮಚ ಹೆಪ್ಪು ಹಾಕಿ ಹತ್ತು ನಿಮಿಷ ಬಿಟ್ಟು ನೋಡಿದರೆ ಅದು ಹಾಲೇ. ರಾತ್ರಿ ಬೆಚ್ಚಗೆ ಇಟ್ಟರೆ ಬೆಳಿಗ್ಗೆ ಮೊಸರು. ಲ್ಯಾಬಿನವರೂ ಇದನ್ನೇ ಮಾಡುತ್ತಾರೆ. 25 ಗ್ರಾಂ ಆಹಾರವನ್ನು 225 ಮಿ.ಲೀ. ಪೋಷಕ ದ್ರವದಲ್ಲಿ ಕಲಸಿ ಸುಮಾರು 37 ಡಿಗ್ರಿಯಲ್ಲಿ 18 ಗಂಟೆ ಇಡುತ್ತಾರೆ. ಒಂದಿದ್ದದ್ದು ಕೋಟಿಯಾಗುತ್ತದೆ. ಆಮೇಲೆ ಬೇರೆ ಬ್ಯಾಕ್ಟೀರಿಯಾಗಳನ್ನು ಅದುಮಿ ಸಾಲ್ಮೊನೆಲ್ಲಾವನ್ನು ಮಾತ್ರ ಬೆಳೆಸುವ ದ್ರವಗಳಲ್ಲಿ ಇನ್ನೊಂದು ದಿನ, ತಟ್ಟೆಯ ಮೇಲೆ ಮತ್ತೊಂದು ದಿನ, ಕೊನೆಗೆ ಖಚಿತಪಡಿಸುವ ಪರೀಕ್ಷೆ. ಅಂತರರಾಷ್ಟ್ರೀಯವಾಗಿ ಇದು ಐಎಸ್‌ಒ 6579, ನಮ್ಮಲ್ಲಿ ಐಎಸ್ 5887ರ ಮೂರನೇ ಭಾಗ. ಮೂರರಿಂದ ಐದು ದಿನ ಹಿಡಿಯುತ್ತದೆ.

ಪಟ್ಟಿಯ ಮೇಲೆ ಗೆರೆ ಮೂಡಿಸುವ ತ್ವರಿತ ಕಿಟ್‌ಗೆ ಸಾಮಾನ್ಯವಾಗಿ ಒಂದು ಮಿ.ಲೀ.ಯಲ್ಲಿ ಲಕ್ಷದ ಲೆಕ್ಕದಲ್ಲಿ ಬ್ಯಾಕ್ಟೀರಿಯಾ ಬೇಕು. ಪಿಸಿಆರ್ ಇನ್ನೂ ಸೂಕ್ಷ್ಮ, ಆದರೂ ಅದಕ್ಕೂ ಸಾವಿರದ ಲೆಕ್ಕ ಬೇಕು. ಅಂದರೆ ತ್ವರಿತ ವಿಧಾನವೂ ಮೊದಲು ಹೆಪ್ಪು ಹಾಕಿ ಕಾಯಲೇಬೇಕು. ಐದು ದಿನ ಒಂದೆರಡು ದಿನಕ್ಕೆ ಇಳಿಯುತ್ತದೆ. ಎರಡು ಗಂಟೆಗೆ ಇಳಿಯುವುದಿಲ್ಲ. ಬೆಳೆಸದೆ, ಆಹಾರವನ್ನು ನೇರವಾಗಿ ಪಟ್ಟಿಗೆ ಮುಟ್ಟಿಸಿ 'ಇಲ್ಲ' ಅಂದವರು ಹಾಲಿನಲ್ಲಿ ಮೊಸರಿಲ್ಲ ಅಂದ ಹಾಗೆ.

*ಹಾಗಾದರೆ ತ್ವರಿತ ಪರೀಕ್ಷೆ ಬೇಡವೇ?*

ಬೇಕು. ಖಂಡಿತ ಬೇಕು. ನಮ್ಮ ಆಹಾರ ಸುರಕ್ಷತಾ ಕಾಯ್ದೆ, 2006ರ ಪ್ರಕಾರ ವಿಶ್ಲೇಷಕರು ಮಾದರಿ ಸಿಕ್ಕ 14 ದಿನದೊಳಗೆ ವರದಿ ಕೊಡಬೇಕು. ಅಷ್ಟರಲ್ಲಿ ಪನೀರು, ಖೋವಾ, ಹಾಲು ಎಲ್ಲ ತಿಂದು ಮುಗಿದಿರುತ್ತದೆ. ದೀಪಾವಳಿ ವಾರದಲ್ಲಿ ದೆಹಲಿಗೆ ಬರುವ ಖೋವಾ ನೆನೆಸಿಕೊಳ್ಳಿ. ವರದಿ ಬರುವ ಹೊತ್ತಿಗೆ ಡಬ್ಬಿ ಖಾಲಿ. ಆದ್ದರಿಂದ ಬೇಗ ಹೇಳುವ ವಿಧಾನ ಬೇಕೇ ಬೇಕು.

ನನ್ನ ವಾದ ವೇಗದ ವಿರುದ್ಧ ಅಲ್ಲ, ಒರೆಗೆ ಹಚ್ಚದ ವೇಗದ ವಿರುದ್ಧ. ಚಿನ್ನ ಕೊಳ್ಳುವಾಗ ಅಕ್ಕಸಾಲಿಗನ ಮಾತಿಗಿಂತ ಒರೆಗಲ್ಲನ್ನು ನಂಬುತ್ತೀರಿ. ಪರೀಕ್ಷೆಗೂ ಒರೆಗಲ್ಲಿದೆ. ಅದರ ಹೆಸರು ವ್ಯಾಲಿಡೇಶನ್.

ನಿಮ್ಮ ಮನೆಯ ಬಿ.ಪಿ. ಮೆಷಿನ್ ಉದಾಹರಣೆ ತೆಗೆದುಕೊಳ್ಳಿ. ಒಳ್ಳೆಯ ಮೆಷಿನ್‌ ಅನ್ನು ಮಾರುಕಟ್ಟೆಗೆ ಬರುವ ಮುಂಚೆ ಕನಿಷ್ಠ 85 ಜನರ ಮೇಲೆ, ತರಬೇತಿ ಪಡೆದವರು ಸ್ಟೆತಸ್ಕೋಪ್ ಇಟ್ಟು ನೋಡಿದ ಬಿ.ಪಿ.ಗೆ ಹೋಲಿಸಿರುತ್ತಾರೆ. ಸರಾಸರಿ ವ್ಯತ್ಯಾಸ 5 ಮಿ.ಮೀ. ಮೀರಬಾರದು. ಹಾಗೆ ಹೋಲಿಸದ ಮೆಷಿನ್ ಕೂಡ ಅಂಕಿ ತೋರಿಸುತ್ತದೆ, ಬೀಪ್ ಅನ್ನುತ್ತದೆ, ಅದೇ ಭರವಸೆಯಿಂದ. ಅದನ್ನು ನಂಬಿ ಮಾತ್ರೆ ನಿಲ್ಲಿಸಿದವರಿಗೆ ನಾನು ಚಿಕಿತ್ಸೆ ಕೊಟ್ಟಿದ್ದೇನೆ.

ಸಾಲ್ಮೊನೆಲ್ಲಾ ಕಿಟ್‌ಗೂ ಇಂಥದ್ದೇ ಒರೆಗಲ್ಲಿದೆ, ಐಎಸ್‌ಒ 16140. ಅದು ಕೇಳುವುದು ಸಾಮಾನ್ಯ ಮಾತಲ್ಲ. ಸಾಲ್ಮೊನೆಲ್ಲಾದ ಕನಿಷ್ಠ 100 ತಳಿಗಳನ್ನು ಗುರುತಿಸುತ್ತದೆಯೇ? ಅದರಂತೆ ಕಾಣುವ ಆದರೆ ಅದಲ್ಲದ 30 ತಳಿಗಳನ್ನು ಸುಮ್ಮನೆ ಬಿಡುತ್ತದೆಯೇ? ಒಂದೊಂದು ಬಗೆಯ ಆಹಾರದಲ್ಲೂ 60 ಮಾದರಿಗಳಾದರೂ ನೋಡಿದ್ದೀರಾ? ಬೇರೆ ಬೇರೆ ಲ್ಯಾಬುಗಳು ಮಾಡಿದರೂ ಅದೇ ಉತ್ತರ ಬರುತ್ತದೆಯೇ? ಇದನ್ನೆಲ್ಲ ಹಳೆಯ ಐದು ದಿನದ ವಿಧಾನದ ಪಕ್ಕದಲ್ಲಿಟ್ಟು ತೋರಿಸಬೇಕು. ಅಷ್ಟಾದ ಮೇಲೂ, ಆ ಕಿಟ್ ಬಳಸುವ ಲ್ಯಾಬು ತನ್ನ ಕೈಯಲ್ಲಿ ಅದು ಸರಿಯಾಗಿ ನಡೆಯುತ್ತದೆ ಎಂದು ಬೇರೆಯಾಗಿ ತೋರಿಸಬೇಕು. ಪಾಕವಿಧಾನ ಸರಿಯಿದ್ದ ಮಾತ್ರಕ್ಕೆ ಎಲ್ಲರ ಕೈಯ ಮೈಸೂರುಪಾಕೂ ಸರಿಯಾಗುತ್ತದೆಯೇ?

*ನಮ್ಮ ಸಾಂಬಾರ್ ಪುಡಿಯ ಕಥೆ*

'ಯಾವ ಆಹಾರದಲ್ಲಿ' ಎಂಬ ಪ್ರಶ್ನೆ ನಮಗೆ ಬಹಳ ಮುಖ್ಯ. ಬಿಸಿಬೇಳೆ ಬಾತ್ ಪುಡಿಯಲ್ಲಿ ಚಕ್ಕೆ, ಲವಂಗ ಇರುತ್ತವೆ. ಇವು ಬ್ಯಾಕ್ಟೀರಿಯಾ ಬೆಳೆಯದಂತೆ ತಡೆಯುತ್ತವೆ. ಪೂರ್ತಿ ಕೊಲ್ಲುತ್ತವೆ ಅಂತಲ್ಲ. ಹೀಗಾಗಿ ಲ್ಯಾಬಿನ ದ್ರವದಲ್ಲಿ ಸಾಲ್ಮೊನೆಲ್ಲಾ ಬೆಳೆಯದೆ 'ಇಲ್ಲ' ಅಂತ ವರದಿ ಬರಬಹುದು, ಹೊಟ್ಟೆಗೆ ಹೋದ ಮೇಲೆ ಬೆಳೆಯಬಹುದು. ಅದಕ್ಕೇ ಚಕ್ಕೆಯನ್ನು ನೂರು ಪಟ್ಟು, ಲವಂಗವನ್ನು ಸಾವಿರ ಪಟ್ಟು ತೆಳು ಮಾಡಿ ಪರೀಕ್ಷಿಸಬೇಕೆಂಬ ವಿಧಿಯಿದೆ. ಬೆಳ್ಳುಳ್ಳಿ, ಈರುಳ್ಳಿ ಪುಡಿಗೆ ಬೇರೆ ರಾಸಾಯನಿಕ ಸೇರಿಸಬೇಕು. ಹಾಲಿನ ಪುಡಿಯಲ್ಲಿ ಒರೆಗೆ ಹಚ್ಚಿದ ಕಿಟ್ ಲವಂಗದಲ್ಲಿ ಕುರುಡಾಗಬಹುದು.

ಇದು ಬರೀ ಪುಸ್ತಕದ ಮಾತಲ್ಲ. ಅಮೆರಿಕದ ಎಫ್‌ಡಿಎ 2007ರಿಂದ 2009ರವರೆಗೆ ಆಮದಾದ ಮಸಾಲೆಗಳನ್ನು ನೋಡಿದಾಗ 6.6 ಶೇಕಡಾ ಸರಕಿನಲ್ಲಿ ಸಾಲ್ಮೊನೆಲ್ಲಾ ಇತ್ತು, ಇತರ ಆಮದು ಆಹಾರದ ಸುಮಾರು ಎರಡು ಪಟ್ಟು. 2019ರ ಸೆಪ್ಟೆಂಬರ್‌ನಲ್ಲಿ ನಮ್ಮ ದೆಹಲಿಯ ಎಂಡಿಎಚ್ ಬ್ರ್ಯಾಂಡಿನ ಸಾಂಬಾರ್ ಮಸಾಲೆಯ ಕೆಲವು ಲಾಟ್‌ಗಳನ್ನು ಇದೇ ಕಾರಣಕ್ಕೆ ಅಮೆರಿಕದಲ್ಲಿ ವಾಪಸ್ ಪಡೆಯಲಾಯಿತು. ಒಣ ಪುಡಿಯಲ್ಲಿ ಸಾಲ್ಮೊನೆಲ್ಲಾ ಬೆಳೆಯುವುದಿಲ್ಲ, ಆದರೆ ತಿಂಗಳುಗಟ್ಟಲೆ ಬದುಕಿರುತ್ತದೆ. ಒಣಗಿದಾಗ ಶಾಖವನ್ನೂ ಹೆಚ್ಚು ತಡೆಯುತ್ತದೆ.

ಹೆದರಬೇಡಿ. ಸಾರಿನಲ್ಲಿ ಕುದಿದ ಪುಡಿಯಿಂದ ಅಪಾಯವಿಲ್ಲ. ಎಚ್ಚರ ಬೇಕಿರುವುದು ಕುದಿಯದೆ ಮೇಲೆ ಉದುರಿಸುವ ಪುಡಿಗೆ: ಮಜ್ಜಿಗೆಗೆ ಹಾಕುವ ಮೆಣಸು ಜೀರಿಗೆ ಪುಡಿ, ಹಣ್ಣಿನ ಮೇಲಿನ ಚಾಟ್ ಮಸಾಲೆ. 2009-10ರಲ್ಲಿ ಅಮೆರಿಕದಲ್ಲಿ ತಯಾರಾದ ಮಾಂಸದ ತಿಂಡಿಯ ಮೇಲೆ ಉದುರಿಸಿದ ಮೆಣಸಿನ ಪುಡಿಯಿಂದ 272 ಜನ ಕಾಯಿಲೆ ಬಿದ್ದರು.

*ಲೆಕ್ಕ ಮಾಡಿ ನೋಡಿ*

ಒಂದು ಕಿಟ್ ನೂರಕ್ಕೆ 90 ಕೆಟ್ಟದ್ದನ್ನು ಹಿಡಿಯುತ್ತದೆ, ನೂರಕ್ಕೆ 95 ಒಳ್ಳೆಯದನ್ನು ಒಳ್ಳೆಯದು ಅನ್ನುತ್ತದೆ ಅಂದುಕೊಳ್ಳಿ. ಕೇಳಲು ಚೆನ್ನಾಗಿದೆ. ಈಗ 1000 ಪ್ಯಾಕೆಟ್, ಅದರಲ್ಲಿ 10 ಕೆಟ್ಟವು. ಕಿಟ್ 9ನ್ನು ಹಿಡಿಯುತ್ತದೆ, 1 ತಪ್ಪಿಸಿಕೊಳ್ಳುತ್ತದೆ. ಉಳಿದ 990 ಒಳ್ಳೆಯದರಲ್ಲಿ ಸುಮಾರು 50ನ್ನು ಸುಮ್ಮನೆ ಕೆಟ್ಟದ್ದು ಅನ್ನುತ್ತದೆ. ಒಟ್ಟು 59 ಪಾಸಿಟಿವ್‌ನಲ್ಲಿ ನಿಜ 9 ಮಾತ್ರ. ಆದ್ದರಿಂದ ಪಾಸಿಟಿವ್ ಬಂದದ್ದನ್ನು ಹಳೆಯ ವಿಧಾನದಿಂದ ಖಚಿತಪಡಿಸದೆ ಯಾರ ಅಂಗಡಿಯನ್ನೂ ಮುಚ್ಚಿಸಬಾರದು. ನೆಗೆಟಿವ್ ಬಂದದ್ದನ್ನು ಗ್ಯಾರಂಟಿ ಅನ್ನಲೂಬಾರದು.

ಇನ್ನೊಂದು ಮಾತು. ಒಂದು ಮೂಟೆ ಅಕ್ಕಿಯಲ್ಲಿ ಮೂರು ಕಲ್ಲಿವೆ. ಒಂದು ಹಿಡಿ ತೆಗೆದು ನೋಡಿ ಕಲ್ಲಿಲ್ಲ ಅಂದರೆ ಮೂಟೆ ಸ್ವಚ್ಛವೇ? ಸಾಲ್ಮೊನೆಲ್ಲಾ ಆಹಾರದಲ್ಲಿ ಸಮನಾಗಿ ಹರಡಿರುವುದಿಲ್ಲ. ಎಷ್ಟು ಒಳ್ಳೆಯ ಕಿಟ್ ಆದರೂ ತನ್ನ ಕೈಗೆ ಬಂದ ಹಿಡಿಯನ್ನು ಮಾತ್ರ ನೋಡುತ್ತದೆ.

ನನ್ನ ವೃತ್ತಿಯಲ್ಲೂ ಇದೇ ಪಾಠ. ಎದೆನೋವು ಶುರುವಾದ ಒಂದು ಗಂಟೆಗೆ ಮಾಡಿಸಿದ ಟ್ರೋಪೊನಿನ್ ನೆಗೆಟಿವ್ ಬಂದರೆ ಹಾರ್ಟ್ ಅಟ್ಯಾಕ್ ಇಲ್ಲ ಅಂತಲ್ಲ. ರಕ್ತದಲ್ಲಿ ಅದು ಏರಲು ಹೊತ್ತು ಬೇಕು. ಅದಕ್ಕೇ ಕೆಲವು ಗಂಟೆ ಬಿಟ್ಟು ಮತ್ತೆ ಮಾಡುತ್ತೇವೆ. ಮೊದಲ ನೆಗೆಟಿವ್ ನೋಡಿ ಮನೆಗೆ ಹೋದವರಲ್ಲಿ ಕೆಲವರು ವಾಪಸ್ ಬರುವುದಿಲ್ಲ.

ಟೈಫಾಯ್ಡ್‌ನ ವಿಡಾಲ್ ಪರೀಕ್ಷೆಯೂ ಹಾಗೆಯೇ. ಜ್ವರ ಬಂದ ತಕ್ಷಣ ಮೂಲೆಯ ಲ್ಯಾಬಿನಲ್ಲಿ ವಿಡಾಲ್ ಮಾಡಿಸಿ, 'ಟೈಫಾಯ್ಡ್ ಇದೆ' ಅಂತ ಆಂಟಿಬಯಾಟಿಕ್ ನುಂಗುತ್ತೇವೆ. ನಮ್ಮ ಊರುಗಳಲ್ಲಿ ಹಿಂದೆ ಸೋಂಕು ತಗುಲಿದವರ, ಲಸಿಕೆ ಹಾಕಿಸಿಕೊಂಡವರ ರಕ್ತದಲ್ಲೂ ಅದು ಪಾಸಿಟಿವ್ ಬರಬಹುದು. ಆಂಟಿಬಯಾಟಿಕ್ ಶುರು ಮಾಡುವ ಮುಂಚೆ ಬ್ಲಡ್ ಕಲ್ಚರ್ ಕೇಳಿ.

*ಹೃದಯಕ್ಕೆ ಏನು ಸಂಬಂಧ?*

ಚಳಿಗಾಲದಲ್ಲೋ ಮೊಮ್ಮಕ್ಕಳ ರಜೆಯಲ್ಲೋ ಊರಿನಿಂದ ಅಪ್ಪ ಅಮ್ಮ ಬಂದಿರುತ್ತಾರೆ. ಅವರ ಮಾತ್ರೆ ಡಬ್ಬಿ ತೆರೆದು ನೋಡಿ.

ಆಸ್ಪಿರಿನ್ ಜೊತೆಗೆ ಪ್ಯಾಂಟೊಪ್ರಜೋಲ್‌ನಂಥ ಗ್ಯಾಸ್ ಮಾತ್ರೆ ಇರುತ್ತದೆ. ಹೊಟ್ಟೆಯ ಆಮ್ಲ ಸಾಲ್ಮೊನೆಲ್ಲಾ ವಿರುದ್ಧ ನಮ್ಮ ಮೊದಲ ಕಾವಲು. ಈ ಮಾತ್ರೆ ಆ ಕಾವಲನ್ನು ತಗ್ಗಿಸುತ್ತದೆ. ರಕ್ತಸ್ರಾವ ತಡೆಯಲು ಕೊಟ್ಟಿದ್ದರೆ ನೀವಾಗಿ ನಿಲ್ಲಿಸಬೇಡಿ, ಊಟದಲ್ಲಿ ಎಚ್ಚರ ಹೆಚ್ಚಿಸಿ.

ನೀರು ಇಳಿಸುವ ಮಾತ್ರೆ, ಕೆಲವು ಬಿ.ಪಿ. ಮಾತ್ರೆ, ಕೆಲವು ಸಕ್ಕರೆ ಮಾತ್ರೆಗಳ ಮೇಲೆ ಭೇದಿಯೂ ಸೇರಿದರೆ ಬಿ.ಪಿ. ಕುಸಿಯುತ್ತದೆ, ಕಿಡ್ನಿಗೆ ಪೆಟ್ಟಾಗುತ್ತದೆ. ಭೇದಿ ಶುರುವಾದ ಮೊದಲ ದಿನವೇ ಡಾಕ್ಟರಿಗೆ ಫೋನ್ ಮಾಡಿ 'ಯಾವ ಮಾತ್ರೆ ತಡೆಹಿಡಿಯಲಿ, ಓಆರ್‌ಎಸ್ ಎಷ್ಟು ಕೊಡಲಿ' ಅಂತ ಕೇಳಿ. ಅಂಗಡಿಯಿಂದ ಆಂಟಿಬಯಾಟಿಕ್ ತಂದು ಕೊಡಬೇಡಿ. ಕೆಲವು ಹೃದಯದ ಮಾತ್ರೆಗಳ ಜೊತೆ ಅವುಗಳಲ್ಲಿ ಕೆಲವು ಎದೆಬಡಿತದ ಲಯ ಕೆಡಿಸಬಹುದು.

ಅಪರೂಪವಾದರೂ ಎಲ್ಲಕ್ಕಿಂತ ಕೆಟ್ಟದ್ದು ಇನ್ನೊಂದಿದೆ. ರಕ್ತಕ್ಕೆ ಸೇರಿದ ಸಾಲ್ಮೊನೆಲ್ಲಾ ಕೊಬ್ಬು ಕಟ್ಟಿ ಒರಟಾದ ಮಹಾಪಧಮನಿಯ ಗೋಡೆಗೆ, ಕೃತಕ ಕವಾಟಕ್ಕೆ ಅಂಟಿಕೊಳ್ಳಬಹುದು. 50 ದಾಟಿದವರಲ್ಲಿ ಈ ಅಪಾಯ ಹೆಚ್ಚು. ಭೇದಿ ನಿಂತ ಮೇಲೂ ಜ್ವರ, ಬೆನ್ನು ಅಥವಾ ಹೊಟ್ಟೆ ನೋವು ಉಳಿದರೆ ಆಸ್ಪತ್ರೆಗೆ ಬನ್ನಿ.

*ನನ್ನ ಅಭಿಪ್ರಾಯ*

ಎಫ್‌ಎಸ್‌ಎಸ್‌ಎಐ ತ್ವರಿತ ಕಿಟ್‌ಗಳಿಗೆ ಒಪ್ಪಿಗೆ ಕೊಡಲು 'ರಾಫ್ಟ್' ಎಂಬ ವ್ಯವಸ್ಥೆ ಇಟ್ಟಿದೆ. ಇದು ಒಳ್ಳೆಯದು. ಆದರೆ 'ಒಪ್ಪಿಗೆ ಇದೆ' ಎಂಬ ಒಂದು ಸಾಲು ಜನರಿಗೆ ಸಾಲದು. ಯಾವ ಆಹಾರಕ್ಕೆ, ಎಷ್ಟು ಗಂಟೆ ಬೆಳೆಸಿದ ಮೇಲೆ, ನೂರಕ್ಕೆ ಎಷ್ಟು ತಪ್ಪಿಸಿಕೊಳ್ಳುತ್ತದೆ, ಈ ಮೂರು ಮಾತು ಡಬ್ಬಿಯ ಮೇಲೆ ದೊಡ್ಡ ಅಕ್ಷರದಲ್ಲಿ, ಹಿಂದಿ, ಇಂಗ್ಲಿಷ್ ಜೊತೆಗೆ ಕನ್ನಡದಂಥ ಭಾಷೆಗಳಲ್ಲೂ ಇರಬೇಕು. ಸಿಗರೇಟಿನ ಪೊಟ್ಟಣದ ಮೇಲೆ ಎಚ್ಚರಿಕೆ ಹಾಕಲು ಸಾಧ್ಯವಾದರೆ ಇದೂ ಸಾಧ್ಯ. ಕಲಬೆರಕೆ ನೋಡುವ ಮನೆ ಪರೀಕ್ಷೆಗಳನ್ನು, ಹಾಲಿಗೆ ಅಯೋಡಿನ್ ಹಾಕಿ ಪಿಷ್ಟ ನೋಡುವಂಥವನ್ನು, 'ಆಹಾರ ಸುರಕ್ಷಿತ' ಅಂತ ಹಂಚುವುದು ನಿಲ್ಲಬೇಕು. ಪಿಷ್ಟವಿಲ್ಲದ ಹಾಲಿನಲ್ಲೂ ಸಾಲ್ಮೊನೆಲ್ಲಾ ಇರಬಹುದು.

ತಕರಾರು ಬಂದಾಗ ಕೊನೆಯ ಮಾತು ಹೇಳುವ ರೆಫರಲ್ ಲ್ಯಾಬುಗಳಲ್ಲಿ ಒಂದು ನಮ್ಮ ಪಕ್ಕದ ಗಾಜಿಯಾಬಾದ್‌ನಲ್ಲಿದೆ, ಇನ್ನೊಂದು 1950ರಲ್ಲಿ ಶುರುವಾದ ನಮ್ಮ ಮೈಸೂರಿನ ಸಿಎಫ್‌ಟಿಆರ್‌ಐ. ಸಾಮರ್ಥ್ಯ ನಮ್ಮಲ್ಲಿದೆ. ಕೇಳುವ ಅಭ್ಯಾಸ ನಮಗಿಲ್ಲ.

*ನೀವು ಮಾಡಬಹುದಾದದ್ದು*

1. ಯಾರಾದರೂ 'ಟೆಸ್ಟ್ ಮಾಡಿಸಿದ್ದೇವೆ' ಅಂದರೆ ಮೂರು ಪ್ರಶ್ನೆ ಕೇಳಿ: ಯಾವುದರ ಟೆಸ್ಟ್, ಯಾವ ಆಹಾರದ ಮೇಲೆ, ಎಷ್ಟು ಗಂಟೆ ಇಟ್ಟು?

2. ಸಂಘದ ಊಟವಾದರೆ ಪ್ರತಿ ಪದಾರ್ಥದ ಒಂದು ಸಣ್ಣ ಡಬ್ಬಿಯನ್ನು ಮೂರು ದಿನ ಫ್ರಿಜ್‌ನಲ್ಲಿಡಿ. ನಮ್ಮಲ್ಲಿ ಯಾರೂ ಇಡಲಿಲ್ಲ. ಅದಕ್ಕೇ ಯಾವ ಪದಾರ್ಥದಿಂದ ಬಂತೆಂದು ಇವತ್ತಿಗೂ ಸಾಬೀತಾಗಿಲ್ಲ. ಕೋಸಂಬರಿಯ ಮೇಲೆ ನನಗೆ ಅನುಮಾನ, ಅಷ್ಟೆ.

3. ಮೊಳಕೆ ಕಾಳನ್ನು ಹಬೆಯಲ್ಲಿ ಚೆನ್ನಾಗಿ ಬೇಯಿಸಿ ಕೋಸಂಬರಿ ಮಾಡಿ. ಹಿರಿಯರಿಗೆ, ಬಸುರಿಯರಿಗೆ, ಪುಟ್ಟ ಮಕ್ಕಳಿಗೆ ಹಸಿಯದು ಬೇಡ.

4. ಮಾಡಿದ ಅಡುಗೆ ಎರಡು ಗಂಟೆಗಿಂತ ಹೆಚ್ಚು ಹೊರಗಿಡಬೇಡಿ. ದೆಹಲಿಯ ಬೇಸಿಗೆಯಲ್ಲಿ ಒಂದು ಗಂಟೆ. ಬಿಸಿ ಮಾಡುವಾಗ ನಡುವಿನವರೆಗೂ ಹಬೆಯಾಡಲಿ.

5. ಹಸಿ ಕೋಳಿಯನ್ನು ನಲ್ಲಿಯ ಕೆಳಗೆ ತೊಳೆಯಬೇಡಿ, ಸಿಡಿದ ಹನಿ ಪಕ್ಕದ ಕೊತ್ತಂಬರಿಗೆ ಬೀಳುತ್ತದೆ. ಮೊಟ್ಟೆ ಪೂರ್ತಿ ಬೇಯಲಿ.

6. ಅನುಮಾನವಿದ್ದರೆ ನೀವೇ ಆಹಾರ ವಿಶ್ಲೇಷಕರಿಗೆ ಶುಲ್ಕ ಕಟ್ಟಿ ಪರೀಕ್ಷೆ ಮಾಡಿಸಬಹುದು. ಕಾಯ್ದೆಯ 40ನೇ ಸೆಕ್ಷನ್ ಈ ಹಕ್ಕು ಕೊಟ್ಟಿದೆ. ಆಹಾರ ಕೆಟ್ಟದ್ದೆಂದು ಸಾಬೀತಾದರೆ ಕಟ್ಟಿದ ಶುಲ್ಕ ವಾಪಸ್ ಬರುತ್ತದೆ.

ಆ ಧಾರವಾಡದ ತಾಯಿ ಈಗ ಊರಿನಲ್ಲಿ ಚೆನ್ನಾಗಿದ್ದಾರೆ. ಮುಂದಿನ ರಾಜ್ಯೋತ್ಸವಕ್ಕೆ ಮತ್ತೆ ಬರುತ್ತಾರಂತೆ. ಈ ಸಲ ಗುಂಪಿನಲ್ಲಿ ಬಾಟಲಿಯ ಫೋಟೋ ಬಂದರೆ ನಾನು 'ಒಳ್ಳೆಯ ಕೆಲಸ' ಅಂತ ಬರೆಯುವುದಿಲ್ಲ. 'ಎಷ್ಟು ಗಂಟೆ ಇಟ್ಟಿದ್ದೀರಿ?' ಅಂತ ಕೇಳುತ್ತೇನೆ. ನೀವೂ ಕೇಳಿ.

ಪೂರ್ತಿ ಓದಿದ್ದರೆ ಮಾತ್ರ ಮುಂದಕ್ಕೆ ಕಳಿಸಿ. ನಿಮ್ಮ ಕಾಯಿಲೆ, ಮಾತ್ರೆಗಳ ಬಗ್ಗೆ ನಿಮ್ಮ ಡಾಕ್ಟರರ ಮಾತೇ ಅಂತಿಮ.

— ನಿಮ್ಮ ಹೃದ್ರೋಗ ತಜ್ಞ, ಎಂ.ಡಿ., ದೆಹಲಿ ಎನ್‌ಸಿಆರ್